ಜಾತ್ರೆಯ ಕಾಲ, ಕಾಯದ ಜತನ



ಹನ್ನೆರಡನೆಯ ಶತಮಾನದ ಶಿವಶರಣರು ಕಾಯವನ್ನು ಹಗುರಾಗಿ ಕಂಡವರಲ್ಲ. ಸಂಸಾರವನ್ನು ತ್ಯಜಿಸಿ, ಶರೀರವನ್ನು ದಂಡಿಸಿ, ಅನ್ನನೀರು ಬಿಟ್ಟು ದೇವರನ್ನು ಒಲಿಸಿಕೊಳ್ಳಬೇಕೆಂಬ ಮಾರ್ಗವನ್ನು ಅವರು ಒಪ್ಪಲಿಲ್ಲ. ಕಲ್ಲಿನ ಗುಡಿಯನ್ನು ಕಟ್ಟಿಸಲಾರದ ಬಡವನ ಒಡಲೇ ಶಿವನಿಗೆ ಆಲಯವಾಗಬಲ್ಲದೆಂದು ವಿಶ್ವಗುರು ಬಸವಣ್ಣನವರು ಸಾರಿದ ಮೇಲೆ, ಆ ಒಡಲನ್ನು ಕಾಯ್ದುಕೊಳ್ಳುವುದು ಸ್ವಾರ್ಥವೆನಿಸದೆ ಪೂಜೆಯ ಅಂಗವೇ ಆಯಿತು. ಇಷ್ಟಲಿಂಗವನ್ನು ಧರಿಸಿದ ದೇಹ ರೋಗಕ್ಕೆ ಈಡಾದರೆ ಕಾಯಕ ಕುಂಟುತ್ತದೆ. ಕಾಯಕ ಕುಂಟಿದರೆ ದಾಸೋಹ ಬಡವಾಗುತ್ತದೆ. ಆದುದರಿಂದಲೇ ಕಲ್ಯಾಣದ ಶರಣಗಣದಲ್ಲಿ ಮಡಿವಾಳನಿಗೆ, ಅಂಬಿಗನಿಗೆ, ನೂಲಿನವನಿಗೆ ಇದ್ದಂತೆ ಒಬ್ಬ ವೈದ್ಯನಿಗೂ ಸ್ಥಾನವಿತ್ತು. ವೈದ್ಯ ಸಂಗಣ್ಣ ಎಂಬ ಆ ಶರಣ ತನ್ನ ವಚನಗಳಲ್ಲಿ ರೋಗ, ಔಷಧಿ, ಪಥ್ಯಗಳ ಪರಿಭಾಷೆಯನ್ನೇ ಬಳಸಿ ಭವರೋಗದ ಮಾತನಾಡಿದನು. ಭವರೋಗದ ಮಾತನಾಡಿದನೆಂದ ಮಾತ್ರಕ್ಕೆ ಅವನು ತನುವಿನ ರೋಗವನ್ನು ಕಡೆಗಣಿಸಿದನೆಂದು ತಿಳಿಯಬಾರದು. ರೋಗಿಯನ್ನು ನೋಡುವುದೇ ಅವನ ಕಾಯಕವಾಗಿತ್ತು.

ಈ ವಿಚಾರ ವಿಶೇಷವಾಗಿ ನೆನಪಿಗೆ ಬರಬೇಕಾದದ್ದು ಹಬ್ಬ ಮತ್ತು ಜಾತ್ರೆಗಳ ಕಾಲದಲ್ಲಿ. ಮುಂಗಾರಿನ ಬೆಳೆ ಕಣಕ್ಕೆ ಬಂದು, ಹಿಂಗಾರಿನ ಜೋಳ ತೆನೆ ಕಟ್ಟುವ ಹೊತ್ತಿಗೆ ನಾಡಿನಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬುತ್ತಿ ಬಿಚ್ಚುವ ಕುಟುಂಬಗಳು ಹದಿನೈದು ದಿನ ಕಳೆಯುವಷ್ಟರಲ್ಲಿ ಸಂಕ್ರಮಣದ ಎಳ್ಳುಬೆಲ್ಲಕ್ಕೆ ಅಣಿಯಾಗುತ್ತವೆ. ಸಂಕ್ರಮಣಕ್ಕೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ, ಪುಷ್ಯಮಾಸದಲ್ಲಿಯೇ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಮತ್ತು ಸುತ್ತೂರು ಜಾತ್ರೆ, ಮುಂದೆ ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ. ಇವೆಲ್ಲವೂ ಬರುವುದು ಮಾಗಿಯ ಚಳಿ ಮೈಗೆ ತಾಗುವ, ಕೆಮ್ಮು ನೆಗಡಿ ಮನೆಮನೆಯಲ್ಲಿ ಸುತ್ತಾಡುವ ತಿಂಗಳುಗಳಲ್ಲಿ. ಲಕ್ಷಾಂತರ ಜನ ಒಂದೆಡೆ ಕೂಡುತ್ತಾರೆ, ಒಂದೇ ನೀರನ್ನು ಕುಡಿಯುತ್ತಾರೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಬಯಲಿನಲ್ಲಿ ಮಲಗುತ್ತಾರೆ. ಭಕ್ತಿಯ ದೃಷ್ಟಿಯಿಂದ ಇದು ಸಂಗಮ. ರೋಗದ ದೃಷ್ಟಿಯಿಂದ ನೋಡಿದರೂ ಇದು ಸಂಗಮವೇ.

ಇಲ್ಲಿ ಭಕ್ತರ ಮನಸ್ಸನ್ನು ಬಹುಕಾಲದಿಂದ ಕಾಡಿರುವ ಒಂದು ಪ್ರಶ್ನೆ ಇದೆ. ದೇವರ ಜಾತ್ರೆಗೆ ಹೋದವನಿಗೆ ರೋಗದ ಭಯವೇಕೆ? ಪ್ರಸಾದವನ್ನು ಸ್ವೀಕರಿಸುವಲ್ಲಿ ಪಥ್ಯವೇಕೆ? ಕಾಯಿಲೆಗೆ ಅಂಜಿ ಜಾತ್ರೆಯನ್ನು ತಪ್ಪಿಸಿದರೆ ಅದು ನಿಷ್ಠೆಗೆ ಊನವಲ್ಲವೇ? ಈ ಪ್ರಶ್ನೆಗಳಿಗೆ ಉತ್ತರವನ್ನು ಶರಣರ ವಿಚಾರದಲ್ಲಿಯೂ ನಾಡಿನ ಚರಿತ್ರೆಯಲ್ಲಿಯೂ ಒಟ್ಟಿಗೆ ಹುಡುಕಬೇಕಾಗುತ್ತದೆ.

ಸೊನ್ನಲಿಗೆಯ ಸಿದ್ಧರಾಮರ ಚರಿತ್ರೆಯಿಂದಲೇ ತೊಡಗಬಹುದು. ರಾಘವಾಂಕನು ಸಿದ್ಧರಾಮ ಚಾರಿತ್ರವನ್ನು ಬರೆದುದು ಇವರನ್ನು ಕುರಿತೇ. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅದು ಮಳೆ ಕಡಿಮೆಯಾದ ಬಯಲುಸೀಮೆ. ಅಲ್ಲಿ ಸಿದ್ಧರಾಮರು ಲಿಂಗಗಳನ್ನು ಸ್ಥಾಪಿಸಿದರು, ಶಿಷ್ಯರನ್ನು ಕೂಡಿಸಿಕೊಂಡು ಕೆರೆಯನ್ನು ಕಟ್ಟಿದರು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಹೊರಗಿನ ಕೆರೆ ಗುಡಿಗಳ ಕೆಲಸದಿಂದಲೇ ಒಳಗಿನ ಅರಿವು ಸಾಧ್ಯವೇ ಎಂದು ಅವರನ್ನು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯನ್ನು ಬಲ್ಲವರಿಗೆಲ್ಲ ಪರಿಚಿತ. ಆ ಸಂವಾದದ ಬಳಿಕ ಸಿದ್ಧರಾಮರು ಕಲ್ಯಾಣಕ್ಕೆ ನಡೆದರು, ಇಷ್ಟಲಿಂಗದ ಮಾರ್ಗವನ್ನು ಹಿಡಿದರು. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಈ ಪ್ರಸಂಗವನ್ನು ಕರ್ಮಯೋಗದಿಂದ ಶಿವಯೋಗಕ್ಕೆ ಏರಿದ ಘಟ್ಟವೆಂದು ವಿವರಿಸಿ ಮುಂದೆ ಸಾಗುತ್ತಾರೆ. ಆದರೆ ಕೆರೆ ಅಲ್ಲಿಯೇ ಉಳಿಯಿತು. ಪ್ರಭುಗಳು ಪ್ರಶ್ನಿಸಿದ್ದು ಕೆರೆಯನ್ನಲ್ಲ, ಕೆರೆ ಕಟ್ಟಿದೆನೆಂಬ ಭಾವವನ್ನು. ಬಾಯಾರಿದವನಿಗೆ ನೀರು ಬೇಕೆಂಬುದನ್ನು ಪ್ರಭುಗಳಾಗಲಿ ಬೇರೆ ಯಾವ ಶರಣರಾಗಲಿ ಅಲ್ಲಗಳೆದಿಲ್ಲ. ಇಂದಿಗೂ ಆ ಕೆರೆಯ ನಡುವೆ ಸಿದ್ಧರಾಮೇಶ್ವರ ದೇವಾಲಯವಿದೆ. ಪ್ರತಿ ಸಂಕ್ರಮಣಕ್ಕೆ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಸೊಲ್ಲಾಪುರ ಈಗ ಮಹಾರಾಷ್ಟ್ರಕ್ಕೆ ಸೇರಿದ್ದರೂ ಆ ದಿನಗಳಲ್ಲಿ ಕಲಬುರಗಿ, ವಿಜಯಪುರ ಸೀಮೆಯ ಕನ್ನಡ ಭಕ್ತರು ಅಲ್ಲಿ ಸೇರುವುದು ತಪ್ಪಿಲ್ಲ.

ಜಾತ್ರೆ ನಡೆಯುವ ಸ್ಥಳಗಳೆಲ್ಲ ಬಹುಮಟ್ಟಿಗೆ ಹೀಗೆ ನೀರಿನ ದಡದಲ್ಲಿಯೇ ಇವೆ. ಕೆರೆ, ಪುಷ್ಕರಣಿ, ಹೊಳೆ ಇಲ್ಲದೆ ಜನ ಕೂಡಲಾರರು. ಆದರೆ ಜನರನ್ನು ಕೂಡಿಸಿದ ನೀರೇ ಅವರನ್ನು ಕೊಂದ ಕಾಲವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಂತು. ಜನ ಅದನ್ನು ವಾಂತಿಭೇದಿ ಎಂದರು. ವೈದ್ಯರು ಕಾಲರಾ ಎಂದರು. ಹಳ್ಳಿಗಳಲ್ಲಿ ಅದು ಮಾರಿಯ ಮುನಿಸೆನಿಸಿಕೊಂಡಿತು. ಮುನಿಸನ್ನು ತಣಿಸಲು ಕುರಿ ಕೋಣಗಳ ಬಲಿ ಕೊಟ್ಟರು. ಅಹಿಂಸೆಯನ್ನೇ ಆಚಾರವಾಗಿ ಹಿಡಿದ ಶರಣ ಮನೆತನಗಳೂ ಸಾವು ಬಾಗಿಲಿಗೆ ಬಂದಾಗ ಈ ಭಯದಿಂದ ಪೂರ್ಣವಾಗಿ ಹೊರಗುಳಿದವೆಂದು ಹೇಳುವುದು ಕಷ್ಟ. ಕೆಲವು ಸೀಮೆಗಳಲ್ಲಿ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಉಳಿಯುವ ಹೊರಬೀಡಿನ ಪದ್ಧತಿ ಇತ್ತು, ಕೆಲವೆಡೆ ಇಂದಿಗೂ ಇದೆ. ಇದನ್ನು ಕೇವಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಕಾರಣವನ್ನು ತಪ್ಪಾಗಿ ತಿಳಿದಿದ್ದರೂ, ಕೆಟ್ಟ ನೀರಿನ ಊರನ್ನು ಬಿಟ್ಟು ಗಾಳಿ ಬೆಳಕಿನ ಬಯಲಿಗೆ ಹೋದ ಜನ ಎಷ್ಟೋ ಸಲ ಬದುಕಿಕೊಂಡಿರಬೇಕು.

ಕಾಲರಾ ಮತ್ತು ಯಾತ್ರೆಗಳ ಸಂಬಂಧ ಉತ್ತರದ ಹರಿದ್ವಾರದಲ್ಲಿ ಘೋರವಾಗಿ ಕಂಡುಬಂದಿತು. ೧೭೮೩ರ ಮೇಳದಲ್ಲಿ ಎಂಟು ದಿನಗಳೊಳಗೆ ಸುಮಾರು ೨೦,೦೦೦ ಜನ ವಾಂತಿಭೇದಿಗೆ ಬಲಿಯಾದರೆಂದು ದಾಖಲೆಗಳು ಹೇಳುತ್ತವೆ. ೧೮೬೭ರ ಕುಂಭಮೇಳದಿಂದ ಮರಳಿದ ಯಾತ್ರಿಕರು ತಮ್ಮ ದಾರಿಯುದ್ದಕ್ಕೂ ರೋಗವನ್ನು ಹಂಚುತ್ತ ಹೋದರು. ಆ ರೋಗಾಣು ದೇಹವನ್ನು ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಕೆಲವು ಗಂಟೆಗಳಿಂದ ಐದು ದಿನಗಳು ಬೇಕು. ಜಾತ್ರೆಯಲ್ಲಿ ಕುಡಿದ ನೀರಿನ ಫಲ ತನ್ನ ಊರಿನಲ್ಲಿ, ತನ್ನ ಮಕ್ಕಳ ನಡುವೆ ಪ್ರಕಟವಾಗುತ್ತಿತ್ತು. ಅದಕ್ಕಾಗಿಯೇ ಜನ ಅದನ್ನು ಜಾತ್ರೆಯ ನೀರಿಗೆ ಹೋಲಿಸಿ ನೋಡಲಿಲ್ಲ. ರೈಲು ಬಂದ ಮೇಲೆ ಈ ದೂರ ಇನ್ನೂ ಹಿಗ್ಗಿತು. ಮುಂಬಯಿಯಿಂದ ಹೊರಟ ರೈಲುದಾರಿ ಸೊಲ್ಲಾಪುರವನ್ನು ಮುಟ್ಟಿದ್ದು ೧೮೬೦ರಲ್ಲಿ. ಅದೇ ಜಿಲ್ಲೆಯ ಪಂಢರಪುರದ ಯಾತ್ರೆ ಸರ್ಕಾರಕ್ಕೆ ಕಾಲರಾದ ಭಯವನ್ನು ಮತ್ತೆ ಮತ್ತೆ ತಂದಿತು.

ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯನು ೧೮೫೪ರಲ್ಲಿ ಒಂದು ಬೀದಿಯ ನೀರಿನ ಪಂಪಿನ ಸುತ್ತಲೇ ಸಾವುಗಳು ಗುಂಪುಗೂಡಿರುವುದನ್ನು ತೋರಿಸಿ, ರೋಗ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಮಲ ಬೆರೆತ ನೀರಿನಿಂದ ಎಂದು ವಾದಿಸಿದನು. ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದು ೧೮೮೪ರಲ್ಲಿ ರೋಗಿಗಳಲ್ಲಿಯೂ, ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೂ ಆ ರೋಗಾಣುವನ್ನು ಕಂಡನು. ಮಿಂದ ನೀರು, ಬಟ್ಟೆ ಒಗೆದ ನೀರು, ಕುಡಿದ ನೀರು ಎಲ್ಲವೂ ಒಂದೇ ಆದಲ್ಲಿ ಭಕ್ತಿ ಎಷ್ಟಿದ್ದರೂ ರೋಗ ತಡೆಯಲಾರದೆಂಬುದು ಆ ಶೋಧದ ಸಾರ. ಸಿದ್ಧರಾಮರು ಕಟ್ಟಿದ ಕೆರೆಯಂಥ ಕೆರೆಗಳ ಪಾವಿತ್ರ್ಯಕ್ಕೆ ಇದರಿಂದ ಕುಂದೇನೂ ಇಲ್ಲ. ಕೆರೆಯನ್ನು ಕಟ್ಟಿದವರ ಕಾಯಕ ಮುಗಿದಲ್ಲಿ ಅದನ್ನು ಬಳಸುವವರ ಕಾಯಕ ಆರಂಭವಾಗುತ್ತದೆ, ಅಷ್ಟೆ.

ಪ್ಲೇಗಿನ ಕಥೆ ಬೇರೆ. ಅದು ನೀರಿನಿಂದ ಬಂದುದಲ್ಲ. ಇಲಿಗಳ ಮೈಮೇಲಿನ ಚಿಗಟಗಳಿಂದ ಬಂದುದು. ೧೮೯೬ರಲ್ಲಿ ಮುಂಬಯಿಗೆ ಕಾಲಿಟ್ಟ ಆ ಮಾರಿ ಮುಂದಿನ ಎರಡು ವರ್ಷಗಳಲ್ಲಿ ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು, ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬ ತಿಳಿವಳಿಕೆ ಆ ತಲೆಮಾರಿನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ನಮ್ಮ ಸೀಮೆಯಲ್ಲಿ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ, ಅಂದರೆ ಹಬ್ಬಗಳ ತಿಂಗಳುಗಳಲ್ಲಿಯೇ, ಅದರ ಹಾವಳಿ ಹೆಚ್ಚು. ಸರ್ಕಾರ ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದು, ರೈಲಿನಲ್ಲಿ ಪ್ರಯಾಣಿಕರ ತಪಾಸಣೆಯನ್ನೂ ಜಾತ್ರೆ ಯಾತ್ರೆಗಳ ನಿರ್ಬಂಧವನ್ನೂ ಜಾರಿಗೊಳಿಸಿತು. ನಿರ್ಬಂಧದ ಉದ್ದೇಶ ಸರಿಯಾಗಿತ್ತು, ಹೇರಿದ ರೀತಿ ಸರಿಯಾಗಿರಲಿಲ್ಲ. ಸೈನಿಕರು ಮನೆಗಳಿಗೆ ನುಗ್ಗಿದರು, ಹೆಂಗಸರ ಮಾನಕ್ಕೆ ಭಂಗ ಬಂತೆಂಬ ಸಿಟ್ಟು ಪುಣೆಯಲ್ಲಿ ಅಧಿಕಾರಿಯ ಕೊಲೆಯವರೆಗೆ ಹೋಯಿತು. ಅದೇ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಲಸಿಕೆಯನ್ನು ಸಾವಿರಾರು ಜನ ಹಾಕಿಸಿಕೊಂಡರು. ಒಂದೇ ರೋಗ, ಒಂದೇ ಸರ್ಕಾರ. ಆದರೆ ಬಲವಂತ ಮಾಡಿದಲ್ಲಿ ಜನ ಅಡಗಿದರು, ಪ್ರಯೋಜನವನ್ನು ಕಣ್ಣಾರೆ ಕಂಡಲ್ಲಿ ತಾವೇ ತೋಳು ಚಾಚಿದರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆದುದು ಈ ಪ್ಲೇಗಿನ ನಂತರವೇ ಎಂಬುದು ಅಲ್ಲಿಯ ನಿವಾಸಿಗಳಿಗೂ ಈಗ ಮರೆತುಹೋದ ಸಂಗತಿ.

೧೯೧೮ರ ಇನ್‌ಫ್ಲುಯೆನ್ಜಾ ಇವೆಲ್ಲಕ್ಕಿಂತ ಕ್ರೂರ. ಅದರ ಎರಡನೆಯ ಅಲೆ ಭಾರತವನ್ನು ಹೊಕ್ಕದ್ದು ಸೆಪ್ಟೆಂಬರಿನಲ್ಲಿ. ನವರಾತ್ರಿಯಿಂದ ದೀಪಾವಳಿಯವರೆಗಿನ ವಾರಗಳೇ ಅದರ ಕೊಯ್ಲಿನ ವಾರಗಳಾದವು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ದೀಪ ಹಚ್ಚುವ ಕೈಗಳಿಲ್ಲದ ಮನೆಗಳು ಎಷ್ಟೋ.

ಈ ಚರಿತ್ರೆಯನ್ನು ಓದಿದಾಗ ಲಿಂಗಾಯತ ಧರ್ಮದ ಒಂದು ವೈಶಿಷ್ಟ್ಯ ಹೊಸ ಬೆಳಕಿನಲ್ಲಿ ಕಾಣುತ್ತದೆ. ಪೂಜೆಗೆ ಗುಡಿ ಬೇಕು, ಗುಡಿಗೆ ಅರ್ಚಕ ಬೇಕು, ದರ್ಶನಕ್ಕೆ ಸಾಲು ನಿಲ್ಲಬೇಕು ಎಂಬ ವ್ಯವಸ್ಥೆಯಲ್ಲಿ ಜಾತ್ರೆ ನಿಂತರೆ ದೇವರ ಸಂಬಂಧವೇ ಕಡಿದಂತೆ ಭಕ್ತನಿಗೆ ಅನ್ನಿಸುತ್ತದೆ. ಬಸವಾದಿ ಶರಣರು ಇಷ್ಟಲಿಂಗವನ್ನು ಪ್ರತಿಯೊಬ್ಬರ ಅಂಗೈಗೆ ಕೊಟ್ಟರು. ಹೊಲದ ಗುಡಿಸಲಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಲಿಂಗಪೂಜೆಗೆ ಅಡ್ಡಿಯಿಲ್ಲ. ತೀರ್ಥಕ್ಷೇತ್ರಗಳ ಸ್ನಾನದಿಂದ, ಶುಭ ಮುಹೂರ್ತಗಳಿಂದ ಮುಕ್ತಿ ದೊರೆಯದೆಂದು ಶರಣರು ನಿಷ್ಠುರವಾಗಿ ನುಡಿದಿದ್ದಾರೆ. ಹಾಗಾದರೆ ಜಾತ್ರೆ ಏತಕ್ಕೆ? ಶರಣಸಂಗಕ್ಕೆ, ಅನುಭಾವಕ್ಕೆ, ದಾಸೋಹಕ್ಕೆ. ಕಾಯಿಲೆಯ ಕಾಲದಲ್ಲಿ ಇವನ್ನು ಕೆಲವು ದಿನ ಮುಂದೂಡಬಹುದು. ಪೂಜೆಯನ್ನು ಮುಂದೂಡಬೇಕಾಗಿಲ್ಲ. ಜ್ವರ ಕೆಮ್ಮಿದ್ದವರು ಜಾತ್ರೆಗೆ ಬಾರದೆ ಮನೆಯಲ್ಲಿಯೇ ಲಿಂಗಾರ್ಚನೆ ಮಾಡಿದರೆ ನಿಷ್ಠೆಗೆ ಊನವೇ ಎಂಬ ಪ್ರಶ್ನೆಗೆ ಉತ್ತರ ಇಷ್ಟಲಿಂಗದಲ್ಲಿಯೇ ಇದೆ. ಜ್ವರವಿದ್ದೂ ಬಂದು ಹತ್ತು ಜನರಿಗೆ ಅದನ್ನು ಹಂಚುವವನೇ ಜಂಗಮಕ್ಕೆ ತಪ್ಪುವವನು. ಏಕೆಂದರೆ ಜಂಗಮವೆಂದರೆ ವ್ಯಕ್ತಿ ಮಾತ್ರವಲ್ಲ, ಸಮಾಜವೂ ಹೌದು.

ಈ ವಿವೇಕದ ಪರೀಕ್ಷೆ ಇತ್ತೀಚೆಗೆ ಮತ್ತೊಮ್ಮೆ ಆಯಿತು. ೨೦೨೦ರಲ್ಲಿ ಕೊರೊನಾ ಬಂದಾಗ ಸರ್ಕಾರಗಳು ಕೈಗೆತ್ತಿಕೊಂಡ ಶಾಸನಗಳಲ್ಲಿ ಆ ೧೮೯೭ರ ಕಾಯಿದೆಯೂ ಒಂದು. ಆದರೆ ಈ ಸಲ ನಾಡಿನ ಅನೇಕ ಮಠಗಳು ಸರ್ಕಾರ ಬಲವಂತ ಮಾಡುವವರೆಗೆ ಕಾಯಲಿಲ್ಲ. ಲಕ್ಷಾಂತರ ಜನ ಸೇರುವ ಕೊಪ್ಪಳದ ಜಾತ್ರೆ ೨೦೨೧ರಲ್ಲಿ ಸರಳವಾಗಿ ನಡೆಯಿತು. ಅದೇ ವರ್ಷ ಎರಡನೆಯ ಅಲೆ ಬಂದಾಗ ಗವಿಮಠವು ರೋಗಿಗಳ ಆರೈಕೆಗೆ ಮುಂದಾಯಿತು. ಜಾತ್ರೆಯಲ್ಲಿ ನಡೆಯದ ದಾಸೋಹ ರೋಗಿಯ ಮಂಚದ ಬಳಿ ನಡೆಯಿತು.

ಇನ್ನು ಆಹಾರದ ಮಾತು. ಇಲ್ಲಿ ಹಿರಿಯರು ಪುಸ್ತಕವಿಲ್ಲದೆ ಕಲಿತ ವಿಷಯ ಬಹಳವಿದೆ. ಉತ್ತರ ಕರ್ನಾಟಕದ ಜಾತ್ರೆಯ ಬುತ್ತಿಯನ್ನು ಬಿಚ್ಚಿ ನೋಡಬೇಕು. ಕಟಕ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಮಾದಲಿ. ಇವುಗಳಲ್ಲಿ ಯಾವುದರಲ್ಲಿಯೂ ನೀರಿನಂಶ ಹೆಚ್ಚಿಲ್ಲ. ನೀರಿಲ್ಲದಲ್ಲಿ ಸೂಕ್ಷ್ಮಜೀವಿ ಬೆಳೆಯದು. ಒಣಗಿದ ರೊಟ್ಟಿ ವಾರಗಟ್ಟಲೆ ಕೆಡದು. ಕೊಪ್ಪಳದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ದಿನಗಳ ಮುಂಚೆಯೇ ರೊಟ್ಟಿ ಬಡಿದು, ಮಾದಲಿ ಮಾಡಿ, ಗಾಡಿಗಳಲ್ಲಿ ಮಠಕ್ಕೆ ಕಳಿಸುತ್ತಾರೆ. ರೊಟ್ಟಿಗಳ ಎಣಿಕೆ ಲಕ್ಷಗಳಲ್ಲಿ ನಡೆಯುತ್ತದೆ. ಅಷ್ಟು ಮನೆಗಳ ಅಡುಗೆ ಅಷ್ಟು ದಿನಗಳ ನಂತರ ಅಷ್ಟು ಜನರ ಹೊಟ್ಟೆಗೆ ಸೇರಿಯೂ ಕೆಡುಕಾಗದಿರುವುದು ರೊಟ್ಟಿಯ ಗುಣ. ಅನ್ನದಲ್ಲಿ ಆ ಗುಣವಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಬೆಂದ ಅನ್ನ, ಸಾರು ಮಧ್ಯದಲ್ಲಿ ಬೇಗ ಆರುವುದಿಲ್ಲ. ಬೆಚ್ಚಗೆ ಗಂಟೆಗಟ್ಟಲೆ ಇದ್ದಲ್ಲಿ ರೋಗಾಣುಗಳು ಬಲಿಯುತ್ತವೆ. ಕೆಲವು ರೋಗಾಣುಗಳು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದುದರಿಂದ ದಾಸೋಹದ ಅಡುಗೆಯನ್ನು ೬೦ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿ ಇಟ್ಟಿರಬೇಕು, ಇಲ್ಲವೇ ಎರಡು ಗಂಟೆಗಳೊಳಗೆ ಬಡಿಸಿ ಮುಗಿಸಬೇಕೆಂದು ಆಹಾರ ತಜ್ಞರು ಹೇಳುತ್ತಾರೆ. ಒಲೆಯಿಂದ ಇಳಿಸಿದೊಡನೆ ಪಂಕ್ತಿ, ಮುಂದಿನ ಪಂಕ್ತಿಗೆ ಹೊಸ ಕೊಪ್ಪರಿಗೆ ಎಂಬ ಪದ್ಧತಿ ಹಳೆಯ ಅಡುಗೆಮನೆಗಳಲ್ಲಿ ಇರುವುದು ಇದಕ್ಕೇ ಹೊಂದುತ್ತದೆ. ರಾತ್ರಿ ಮಿಕ್ಕ ಅನ್ನವನ್ನು ಮರುದಿನದ ಚಿತ್ರಾನ್ನಕ್ಕೆ ಎತ್ತಿಡುವ ಮಿತವ್ಯಯ ಮನೆಯಲ್ಲಿ ಹೇಗೋ ನಡೆದೀತು, ಸಾವಿರ ಜನರ ದಾಸೋಹದಲ್ಲಿ ಸಲ್ಲದು.

ಮಿಗುವಷ್ಟು ಮಾಡದಿರುವುದೇ ಶರಣರ ರೀತಿ. ಆಯ್ದಕ್ಕಿ ಮಾರಯ್ಯ ದಂಪತಿಗಳ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಆಸೆಯ ನಿರಾಕರಣೆಯ ಕಥೆಯೆಂದು ಹೇಳುತ್ತಾರೆ. ಅದು ಅಳತೆಯ ಕಥೆಯೂ ಹೌದು. ಇಂದು ಎಷ್ಟು ಜನ ಉಣ್ಣುತ್ತಾರೆ, ಅವರಿಗೆ ಎಷ್ಟು ಬೇಕು ಎಂಬುದು ಲಕ್ಕಮ್ಮನಿಗೆ ಗೊತ್ತಿತ್ತು. ಹಬ್ಬದ ಅಡುಗೆಮನೆಯಲ್ಲಿ ಕಾಣೆಯಾಗುವುದು ಈ ಲೆಕ್ಕವೇ.

ಹಬ್ಬದ ತಿನಿಸುಗಳಿಗೂ ಕಾಲಕ್ಕೂ ಹೊಂದಿಕೆ ಇದೆ. ಚಳಿಯಲ್ಲಿ ಚರ್ಮ ಒಡೆದು, ಮೈ ಶಾಖವನ್ನು ಬೇಡುವಾಗ ಎಳ್ಳು ಬೆಲ್ಲ ಶೇಂಗಾ ಕೊಬ್ಬರಿಗಳು ಬರುತ್ತವೆ. ಎಳ್ಳಿನ ತೂಕದ ಅರ್ಧದಷ್ಟು ಎಣ್ಣೆಯೇ. ಸುಣ್ಣದ ಅಂಶವೂ ಅದರಲ್ಲಿ ಹೇರಳ. ಬೆಳಗಿನಿಂದ ಬೈಗಿನವರೆಗೆ ಕಣದಲ್ಲಿ ದುಡಿದ ಮೈಗೆ ಅದು ಹಿತವಾಗಿತ್ತು. ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ಮೈಗೆ ಅದೇ ಪ್ರಮಾಣ ಹಿತವಲ್ಲ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಬಿಟ್ಟು ಬೆಲ್ಲದ ಹೋಳಿಗೆಯನ್ನು ನಿಶ್ಚಿಂತೆಯಿಂದ ಉಣ್ಣುವುದು ಎಲ್ಲೆಡೆ ಕಂಡುಬರುವ ತಪ್ಪು ತಿಳಿವಳಿಕೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಹೆಚ್ಚುಕಡಿಮೆ ಅಷ್ಟೇ ಏರಿಸುತ್ತದೆ. ಜಾತ್ರೆಯ ಓಡಾಟದಲ್ಲಿ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳದಿರುವುದು, ಇನ್ಸುಲಿನ್ ಚುಚ್ಚಿಕೊಂಡು ಪ್ರಸಾದದ ಸಾಲಿನಲ್ಲಿ ಗಂಟೆಗಟ್ಟಲೆ ಹಸಿದು ನಿಲ್ಲುವುದು ಇನ್ನೂ ಅಪಾಯಕರ.

ಹಿರಿಯ ಭಕ್ತರು ಇಲ್ಲಿ ನಿಜವಾದ ಸಂಕಟಕ್ಕೆ ಸಿಲುಕುತ್ತಾರೆ. ವೈದ್ಯರು ಸಿಹಿ ಬೇಡವೆಂದಿದ್ದಾರೆ. ಎದುರಿಗೆ ಮಾದಲಿ ಬಂದಿದೆ. ಅದು ಪ್ರಸಾದ. ಪ್ರಸಾದವನ್ನು ಬೇಡವೆನ್ನುವುದು ಹೇಗೆ? ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಲ್ಲವೇ? ಈ ಸಂಕಟದಿಂದಲೇ ಎಷ್ಟೋ ಜನ ಜಾತ್ರೆ ಮುಗಿಸಿ ನೇರವಾಗಿ ಆಸ್ಪತ್ರೆಗೆ ಹೋಗುತ್ತಾರೆ. ಶರಣರ ವಿಚಾರದಲ್ಲಿ ಪದಾರ್ಥವು ಪ್ರಸಾದವಾಗುವುದು ಅರ್ಪಣೆಯ ಭಾವದಿಂದ, ತೂಕದಿಂದಲ್ಲ. ಒಂದು ಅಗುಳೂ ಪ್ರಸಾದ, ಒಂದು ಚಿಟಿಕೆಯೂ ಪ್ರಸಾದ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ಕಟ್ಟಳೆಯೂ ಮಿತಾಹಾರದ ಪರವಾಗಿಯೇ ನಿಲ್ಲುತ್ತದೆ. ಬಿಡಬಾರದಾದರೆ ಹೆಚ್ಚು ಹಾಕಿಸಿಕೊಳ್ಳಬಾರದು, ಬಡಿಸುವವರೂ ಒತ್ತಾಯಿಸಬಾರದು. ಕೈಯನ್ನು ಎಲೆಗೆ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುವ ಉಪಚಾರ ನಮ್ಮವರ ಪ್ರೀತಿಯ ರೀತಿ. ಆ ಪ್ರೀತಿಯನ್ನು ಇನ್ನೊಂದು ಬಗೆಯಲ್ಲಿ ತೋರಿಸಲು ಸಾಧ್ಯವಿದೆ. ೨೦೧೯ರ ಜನವರಿ ೨೧ರಂದು ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ನಿತ್ಯ ದಾಸೋಹ ನಡೆಸಿದವರು. ಅವರ ಸ್ವಂತ ಆಹಾರ ಮಾತ್ರ ಅತ್ಯಂತ ಮಿತವಾಗಿತ್ತು.

ಹೊಟ್ಟೆ ಕೆಟ್ಟಾಗ ಏನು ಮಾಡಬೇಕೆಂಬುದು ಜಾತ್ರೆಗೆ ಹೋಗುವ ಪ್ರತಿ ಮನೆಗೂ ಗೊತ್ತಿರತಕ್ಕದ್ದು. ವಾಂತಿಭೇದಿಯಲ್ಲಿ ಜನ ಸಾಯುವುದು ದೇಹದ ನೀರು ಮತ್ತು ಉಪ್ಪು ಹರಿದುಹೋಗುವುದರಿಂದ. ೧೯೭೧ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ನಾಳಕ್ಕೆ ಹಾಕುವ ದ್ರಾವಣ ಮುಗಿದುಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಬಂಗಾಳದ ಬನಗಾಂವ್‌ನಲ್ಲಿ ಉಪ್ಪು ಮತ್ತು ಸಕ್ಕರೆಯಂಶ ಬೆರೆಸಿದ ನೀರನ್ನು ರೋಗಿಗಳಿಗೆ ಬಾಯಿಯ ಮೂಲಕ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ೨೦೨೨ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಗದಿದ್ದಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬಹುದು. ಉಪ್ಪು ಹೆಚ್ಚಾಗಬಾರದು. ಮಗು ಮಂಕಾಗಿದ್ದರೆ, ಮೂತ್ರ ಕಟ್ಟಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಹರಕೆ ಹೊರುವುದಿದ್ದರೆ ದಾರಿಯಲ್ಲಿಯೇ ಹೊರಬಹುದು.

ಜಾತ್ರೆಯ ಆರೋಗ್ಯದ ಲೆಕ್ಕದಲ್ಲಿ ಎಲ್ಲರೂ ಮರೆಯುವವರು ಕಸ ಗುಡಿಸುವವರು. ಕಲ್ಯಾಣದಲ್ಲಿ ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳು, ಮತ್ತು ವಚನಕಾರ್ತಿ. ತೇರು ಎಳೆದು ಜನ ಮನೆಗೆ ಹೋದ ಮೇಲೆ ಎಂಜಲೆಲೆ, ಪ್ಲಾಸ್ಟಿಕ್ ಲೋಟ, ಬಯಲಿನ ಹೊಲಸು ಇವುಗಳ ನಡುವೆ ಉಳಿಯುವವರು ಪೌರಕಾರ್ಮಿಕರು. ನೊಣ ಕೂರದಂತೆ, ಕೆರೆಗೆ ಹೊಲಸು ಹರಿಯದಂತೆ ತಡೆಯುವವರು ಅವರೇ. ಕೈಗವಸು, ಬೂಟು, ಸಾಬೂನು, ಬಿಸಿ ಊಟ ಇವುಗಳನ್ನು ಅವರಿಗೆ ಮೊದಲು ಒದಗಿಸದೆ ನಡೆಸಿದ ದಾಸೋಹ ಎಷ್ಟೇ ದೊಡ್ಡದಾದರೂ ಸತ್ಯಕ್ಕನ ಹೆಸರನ್ನು ಹೇಳುವ ಅರ್ಹತೆ ಪಡೆಯದು. ಅವರನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸುವುದೂ ಸರಿಯಲ್ಲ.

ಕೊರೊನಾ ಇಳಿದ ಬಳಿಕ, ೨೦೨೩ರ ಜನವರಿಯಲ್ಲಿ ಕೊಪ್ಪಳದ ಜಾತ್ರೆ ಮೊದಲಿನ ವೈಭವದಿಂದ ಮರಳಿತು. ಹಳ್ಳಿಗಳಿಂದ ರೊಟ್ಟಿಯ ಗಾಡಿಗಳು ಮತ್ತೆ ಮಠದ ದಾರಿ ಹಿಡಿದವು.